ಅಟ್ಟದಿಂದ ಇಳಿದ ಟೀವಿ

ಮಳವಳ್ಳಿ
4 ಜನವರಿ 2026

ಸೌಮ್ಯಾ,

ನಾನು ಚೆನ್ನಾಗಿದ್ದೇನೆ. ಚೆನ್ನಾಗಿರುವುದು ಬಿಟ್ಟರೆ ನಿನ್ನ ಮಹದೇವು ಮಾವನಿಗೆ ಬೇರೆ ಅಭ್ಯಾಸವಿಲ್ಲ ಅಂತ ನಿನಗೆ ಗೊತ್ತೇ ಇದೆ. ಮಂಜಿನ ಮೇಲೆ ಜಾರುವ ರಾಷ್ಟ್ರಮಟ್ಟದ ಪಂದ್ಯಕ್ಕೆ ಆಯ್ಕೆಯಾದೆ ಅಂತ ನೀನು ಬರೆದ ಪತ್ರ ಬುಧವಾರ ಬಂತು. ಗುರುವಾರ ಕಾಫಿ ಹೊತ್ತಿಗೆ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಕೇಳದವರು ಯಾರೂ ಉಳಿದಿರಲಿಲ್ಲ. ಮಧ್ಯಾಹ್ನದ ಬಸ್ಸು ಹತ್ತಿ ವೈದ್ಯನಾಥಪುರಕ್ಕೆ ಹೋಗಿ ನಿಮ್ಮ ಬೀದಿಗೂ ಸಾರಿ ಬಂದೆ. ಫೋನು ಮಾಡಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಹೊಟ್ಟೆ ಉರಿದುಕೊಳ್ಳುವವರ ಮುಖ ಕಾಣುವುದಿಲ್ಲ.

ನಿಮ್ಮ ಪಕ್ಕದ ಮನೆ ಹೊನ್ನಯ್ಯ ಜಗಲಿಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ.

"ಜಾರೋದ್ಕೂ ಬವುಮಾನವಾ? ನಮ್ಮ ಕೆರೆ ಏರಿ ಮೇಲೆ ನಾನು ದಿನಾ ಜಾರ್ತೀನಿ ಕಣ್ಲಾ, ಯಾವನ್ ಕೊಟ್ಟ?" ಅಂದ.

"ನೀನು ಕುಡ್ದು ಜಾರ್ತೀಯ, ಅವ್ಳು ಕಲ್ತು ಜಾರ್ತಾಳೆ. ಅಷ್ಟೇ ಯತ್ಯಾಸ" ಅಂದೆ. ಅವನ ಬೀಡಿ ಆರಿಹೋಯಿತು.

ನಿನ್ನ ಕೋಚು ಯಾರೋ ದೊಡ್ಡವರಂತೆ, ಇರಲಿ. ಮೊದಲನೇ ಕೋಚು ನಾನು. ಎಂಟು ವರ್ಷದ ನಿನ್ನನ್ನು ನಾಟಿಗೆ ಮುಂಚೆ ಗದ್ದೆ ಸಮ ಮಾಡುವ ಹಲಗೆಯ ಮೇಲೆ ಭಾರಕ್ಕೆ ನಿಲ್ಲಿಸಿ ಎತ್ತು ಹೊಡೆದವನು ಯಾರು? ಮಂಡಿ ಬಗ್ಗಿಸು, ಸೊಂಟ ಸಡಿಲ ಬಿಡು, ಎತ್ತಿನ ಬಾಲ ನೋಡಬೇಡ, ಎದುರಿನ ಬದು ನೋಡು ಅಂತ ಕೂಗಿದವನು ಯಾರು? ಕಾಶ್ಮೀರದವರಿಗೆ ಇದನ್ನು ಹೇಳು. ಬೇಕಾದರೆ ನಾನೇ ಬಂದು ನಾಲ್ಕು ದಿನ ಕಲಿಸಿಕೊಟ್ಟು ಹೋಗುತ್ತೇನೆ.

ಈಗ ಮುಖ್ಯ ವಿಷಯ. ನಿಮ್ಮ ಮನೆಯ ಟೀವಿ ಇದ್ದೂ ಇಲ್ಲದ ಹಾಗೆ. ನೀನು ಹತ್ತನೇ ಕ್ಲಾಸಿನಲ್ಲಿದ್ದಾಗ ನಿನ್ನಪ್ಪ ಅದನ್ನು ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದವರು, ವರ್ಷಕ್ಕೊಂದು ದಿನ, ಜನವರಿ ಇಪ್ಪತ್ತಾರರ ಪೆರೇಡಿಗೆ ಮಾತ್ರ ಇಳಿಸುತ್ತಾರೆ. ಕೊನೆಯ ವಿಮಾನ ಹಾರಿ ಹೋದ ಕೂಡಲೇ ಏಣಿ ಹಾಕಿ ಮತ್ತೆ ಮೇಲೆ. ನೀನು ಮಂಡ್ಯದ ಹುಡುಗನ ಸಂಬಂಧ ಬಿಟ್ಟು, ಯಾರಿಗೂ ಹೇಳದೆ ಗಡಿ ಪೊಲೀಸಿಗೆ ಸೇರಿಕೊಂಡ ಮೇಲೆ ಭಾವ ಮೂರು ವರ್ಷದಿಂದ ನಿನ್ನ ಹೆಸರು ಎತ್ತಿಲ್ಲ. ನಾನು ಸುದ್ದಿ ಹೇಳಿದಾಗ ವಿ.ಸಿ. ಫಾರಂನ ಭತ್ತದ ಗದ್ದೆಯ ಕೆಲಸ ಮುಗಿಸಿ, ಮದ್ದೂರಿನಿಂದ ಸೈಕಲ್ ತುಳಿದುಕೊಂಡು ಬಂದು ಆ ಸೈಕಲ್ಲನ್ನು ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು. ಸೈಕಲ್ಲಿನ ಗಂಟೆಯನ್ನೂ ಒರೆಸಿದರು.

ಈ ಸಲ ಇಳಿದ ಟೀವಿ ನಿನ್ನ ಪಂದ್ಯ ಮುಗಿಯುವವರೆಗೆ ಮೇಲೆ ಹತ್ತುವುದಿಲ್ಲ. ಅದು ನನ್ನ ಜವಾಬ್ದಾರಿ. ನೀನು ತಾರೀಕು ಮಾತ್ರ ಬರೆ.

ನಿನ್ನ ಮೊದಲನೇ ಕೋಚು,
ಮಹದೇವು ಮಾವ


ಗುಲ್ಮಾರ್ಗ್
11 ಜನವರಿ 2026

ಮಾವನಿಗೆ ಸೌಮ್ಯಳ ನಮಸ್ಕಾರ.

ಇಲ್ಲಿ ಸಿಗ್ನಲ್ ಇರುವ ದಿನವೂ ನಾನು ನಿಮಗೆ ಪತ್ರವನ್ನೇ ಬರೆಯುವುದಕ್ಕೆ ಕಾರಣ ಇದೆ. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ದಯವಿಟ್ಟು ಇದನ್ನು ಕೊನೆಯವರೆಗೂ ಓದಿ. ಓದಿದ ಮೇಲೆ ಅಮ್ಮನಿಗೆ ಹೇಳಬೇಡಿ.

ಶುಕ್ರವಾರ ಅಭ್ಯಾಸದಲ್ಲಿ ಬಿದ್ದೆ. ನಮ್ಮ ಪಂದ್ಯವೆಂದರೆ ಬೆಟ್ಟದ ಇಳಿಜಾರಿನಲ್ಲಿ ಸಾಲಾಗಿ ನೆಟ್ಟ ಬಾವುಟದ ಕಂಬಗಳನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಬಳಸಿಕೊಂಡು ಜಾರಿ ಬರುವುದು. ತಿರುಗುವಾಗ ಮೈಭಾರವೆಲ್ಲ ಒಂದೇ ಮಂಡಿಯ ಮೇಲೆ ಬೀಳುತ್ತದೆ. ನನ್ನ ಬಲಮಂಡಿ ಒಳಗೇ ತಿರುಚಿಕೊಂಡಿತು. ಶ್ರೀನಗರಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಮಂಡಿಯ ಒಳಗಿನ ನಾರು ಅರ್ಧ ಹರಿದಿದೆ. ಆರು ವಾರ ಮಂಜಿಗೆ ಇಳಿಯಲೇಬಾರದು ಅಂದರು ಡಾಕ್ಟರು. ಇಳಿದು ಅದು ಪೂರ್ತಿ ಹರಿದರೆ ಆಪರೇಷನ್ ಆಗಬೇಕು, ಆದ ಮೇಲೂ ಕಾಲು ಮೊದಲಿನಂತೆ ಆಗುತ್ತದೆಂದು ಹೇಳಲಾರೆ ಅಂದರು.

ಕೋಚಿಗೆ ನಾನು ಬರೀ ಉಳುಕು ಅಂತ ಹೇಳಿದ್ದೇನೆ. ಸ್ಕ್ಯಾನಿನ ಕಾಗದ ಇನ್ನೂ ಅವರ ಕೈಗೆ ಕೊಟ್ಟಿಲ್ಲ. ಕೊಟ್ಟರೆ ನನ್ನ ಜಾಗ ಕಾಯುತ್ತಿರುವ ಶಾಲಿನಿಗೆ ಹೋಗುತ್ತದೆ. ಮನಾಲಿ ಕಡೆಯ ಹುಡುಗಿ, ಒಳ್ಳೆಯವಳು. ನನ್ನನ್ನು ಕ್ರೀಡಾ ತಂಡದಿಂದ ತೆಗೆದು ಯಾವುದಾದರೂ ಠಾಣೆಯ ಗೇಟಿಗೆ ಕಾವಲು ಹಾಕುತ್ತಾರೆ. ಮತ್ತೆ ತಂಡಕ್ಕೆ ಕರೆಯುತ್ತಾರೆ ಅನ್ನುವ ಭರವಸೆಯಿಲ್ಲ. ಮೂರು ವರ್ಷ ನಾನು ಏನು ಕಳೆದುಕೊಂಡು ಇಲ್ಲಿ ನಿಂತಿದ್ದೇನೆ ಅಂತ ನಿಮಗೊಬ್ಬರಿಗೇ ಗೊತ್ತು.

ಇಳಿಯಲೋ ಬೇಡವೋ, ಹೇಳಿ ಮಾವ. ನಿಮ್ಮನ್ನು ಬಿಟ್ಟು ಇದನ್ನು ಕೇಳಲು ನನಗೆ ಯಾರೂ ಇಲ್ಲ.

ಸೌಮ್ಯ


ಮಳವಳ್ಳಿ
18 ಜನವರಿ 2026

ಸೌಮ್ಯಾ,

ನಿನ್ನ ಪತ್ರ ಎರಡು ಸಲ ಓದಿದೆ, ಎರಡನೇ ಸಲ ಕನ್ನಡಕ ಹಾಕಿಕೊಂಡು. ಇಷ್ಟಕ್ಕೆಲ್ಲ ಹೆದರುತ್ತಾರೇನು ಮಗಾ? ಡಾಕ್ಟರು ಅಂದಮೇಲೆ ಆರು ವಾರ ಅನ್ನಲೇಬೇಕು, ಅದು ಅವರ ಬಾಯಿಪಾಠ. ನಾನು ಟ್ರ್ಯಾಕ್ಟರಿನಿಂದ ಬಿದ್ದಾಗಲೂ ಆರು ವಾರ ಅಂದರು. ನಾಲ್ಕನೇ ದಿನ ಕಬ್ಬಿನ ಲೋಡು ಹೊಡೆದೆ. ಹರಳೆಣ್ಣೆ ಬಿಸಿ ಮಾಡಿ ಹಚ್ಚಿ, ಮೇಲೆ ಎಕ್ಕದ ಎಲೆ ಕಾಯಿಸಿ ಬಿಗಿಯಾಗಿ ಕಟ್ಟು. ಆ ಮಂಜಿನಲ್ಲಿ ಎಕ್ಕದ ಗಿಡ ಇಲ್ಲದಿದ್ದರೆ ಬರೆ, ಒಂದು ಚೀಲ ಕಳಿಸುತ್ತೇನೆ.

ಈಗ ನಾನು ಹೇಳುವ ಸುದ್ದಿ ಕೇಳಿದರೆ ನಿನ್ನ ಮಂಡಿ ತಾನಾಗಿ ವಾಸಿಯಾಗುತ್ತದೆ. ಹಬ್ಬಕ್ಕೆ ನಿಮ್ಮ ಮನೆಗೆ ಹೋಗಿದ್ದೆ. ಎಳ್ಳುಬೆಲ್ಲ ತಿಂದಾದ ಮೇಲೆ ನಿನ್ನಪ್ಪ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ನನ್ನ ಎರಡೂ ಕೈ ಹಿಡಿದುಕೊಂಡರು. "ಮಹದೇವು, ನನ್ನ ಮಗಳು ಆ ಬೆಟ್ಟದಿಂದ ಇಳಿದು ಬರುವುದನ್ನು ನಾನು ಕಣ್ಣಾರೆ ನೋಡಬೇಕು. ಟೀವಿ ಎಷ್ಟು ದಿನವಾದರೂ ಕೆಳಗೇ ಇರಲಿ" ಅಂದರು. ಕಣ್ಣಲ್ಲಿ ನೀರಿತ್ತು.

ಇನ್ನು ಇಳಿಯಲೋ ಬೇಡವೋ ಅಂತ ಕೇಳುತ್ತೀಯಾ? ಇಳಿ. ಬೀದಿಗೆಲ್ಲ ಹೇಳಿಯಾಗಿದೆ. ಹೊನ್ನಯ್ಯ ದಿನಕ್ಕೆರಡು ಸಲ ತಾರೀಕು ಕೇಳುತ್ತಾನೆ. ಡಿಶ್ಶು ಸರಿಮಾಡಲು ಮದ್ದೂರಿನ ನಾಸಿರ್‌ಗೆ ಹೇಳಿದ್ದೇನೆ.

ಮಹದೇವು ಮಾವ


ಗುಲ್ಮಾರ್ಗ್
25 ಜನವರಿ 2026

ಮಾವ,

ಪಂದ್ಯ ಫೆಬ್ರವರಿ ಎಂಟು, ಭಾನುವಾರ, ಬೆಳಗ್ಗೆ ಹನ್ನೊಂದಕ್ಕೆ. ದೂರದರ್ಶನದ ಕ್ರೀಡಾ ಚಾನಲ್‌ನಲ್ಲಿ ಬರುತ್ತದೆ. ಎದೆಯ ನಂಬರನ್ನು ಹಿಂದಿನ ಸಂಜೆ ಕೊಡುತ್ತಾರೆ. ನಮ್ಮ ಪಡೆಯ ಹುಡುಗಿಯರಿಗೆಲ್ಲ ಒಂದೇ ಕೆಂಪು ಬಟ್ಟೆ, ಹೆಲ್ಮೆಟ್ಟು, ಮುಖದ ಮೇಲೆ ದೊಡ್ಡ ಕಪ್ಪು ಕನ್ನಡಕ. ನಮ್ಮ ನಮ್ಮಲ್ಲೇ ಗುರುತು ಸಿಗುವುದಿಲ್ಲ. ತಿಂಗಳು ಹುಟ್ಟಿದ ಮೇಲೆ ಪಂದ್ಯ ಮುಗಿಯುವ ತನಕ ನಮ್ಮ ಫೋನುಗಳನ್ನು ತೆಗೆದಿಡುತ್ತಾರೆ.

ನೋವು ಕಡಿಮೆಯಾಗಿಲ್ಲ. ಬಿಗಿಯಾಗಿ ಪಟ್ಟಿ ಸುತ್ತಿಕೊಂಡು ನಿಲ್ಲುತ್ತೇನೆ. ಮೆಟ್ಟಿಲು ಇಳಿಯುವಾಗ ಯಾರೂ ನೋಡದ ಹಾಗೆ ಗೋಡೆ ಹಿಡಿದುಕೊಳ್ಳುತ್ತೇನೆ.

ಅಪ್ಪ ನಿಮ್ಮ ಕೈ ಹಿಡಿದುಕೊಂಡಾಗ ಅಮ್ಮ ಎಲ್ಲಿದ್ದಳು? ಸುಮ್ಮನೆ ಕೇಳಿದೆ.

ಅಪ್ಪ ನೋಡುವುದಾದರೆ ಇಳಿಯುತ್ತೇನೆ.

ಸೌಮ್ಯ


ಮಳವಳ್ಳಿ
1 ಫೆಬ್ರವರಿ 2026

ಸೌಮ್ಯಾ,

ಇವತ್ತು ಭಾನುವಾರ, ನಾಳೆ ಪೋಸ್ಟಾಫೀಸು ತೆರೆದ ಕೂಡಲೇ ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ. ಬೆಳಗ್ಗೆಯಿಂದ ನಿನಗೆ ಫೋನು ಮಾಡುತ್ತಿದ್ದೇನೆ, ಸ್ವಿಚ್ ಆಫ್ ಅಂತ ಹಿಂದಿಯಲ್ಲಿ ಹೇಳುತ್ತಿದೆ. ಕಾಗದ ಸಿಕ್ಕಿದ ತಕ್ಷಣ ಓದು, ಓದಿದ ತಕ್ಷಣ ಆ ಸ್ಕ್ಯಾನನ್ನು ನಿನ್ನ ಕೋಚಿನ ಕೈಗೆ ಕೊಡು. ಇಳಿಯಬೇಡ.

ಮೊನ್ನೆ ನಾಸಿರ್ ನಿನ್ನ ಕ್ರೀಡಾ ಚಾನಲ್ ಬರುವ ಹಾಗೆ ಡಿಶ್ಶು ಸರಿಮಾಡಲು ಬಂದ. ಬಂದವನು ಮೇಲೆ ಹತ್ತದೆ ಕೆಳಗೇ ನಿಂತು "ನೀನೇ ಅತ್ತಣ್ಣ" ಅಂದ. ನಾನು ಹೊನ್ನಯ್ಯನ ಕಾಂಪೌಂಡು ಏರಿ ಸೂರಿಗೆ ಹೋದೆ. ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಅಂತ ಕೆಳಗಿಂದಲೇ ದರ್ಬಾರು ಮಾಡಿದ. ಇಳಿದು ಬಂದು, ಡಿಶ್ಶಿನವನಾಗಿ ಸೂರು ಹತ್ತುವುದಿಲ್ಲ ಅಂದರೆ ನಿನ್ನದು ಯಾವ ಸೀಮೆ ಕೆಲಸವಯ್ಯಾ ಅಂತ ಗೇಲಿ ಮಾಡಿದೆ. ಅವನು ಪ್ಯಾಂಟು ಮೇಲೆತ್ತಿ ಮಂಡಿ ತೋರಿಸಿದ.

"ಒಳಗಿನ ನಾರು ಅರ್ಧ ಅರಿದಿತ್ತು ಮಹದೇವಣ್ಣ. ಡಾಕ್ಟ್ರು ಅತ್ಬ್ಯಾಡ ಅಂದ್ರು. ಅಬ್ಬದ ಟೈಮು, ಕೆಲ್ಸ ಜಾಸ್ತಿ ಇತ್ತು, ಒಂದೇ ಒಂದ್ ಸಲ ಅಂತ ಅತ್ತಿದೆ. ಪೂರ್ತಿ ಓಯ್ತು. ಈಗ ನಮಾಜಿಗೂ ಮಂಡಿ ಮಡಚಕ್ಕಾಗಲ್ಲ. ಎಲ್ರೂ ಕೆಳಗೆ ಕೂತಿರ್ತಾರೆ, ನಾನು ಇಂದೆ ಕುರ್ಚಿ ಆಕ್ಕೊಂಡು ಕೂತಿರ್ತೀನಿ."

ಅವನಿಗೆ ಮೂವತ್ತೆರಡು ವರ್ಷ.

ಇನ್ನೊಂದು ವಿಷಯ. ನಿನ್ನಪ್ಪ ನನ್ನ ಕೈ ಹಿಡಿದುಕೊಳ್ಳಲಿಲ್ಲ. ಹಿತ್ತಲಿಗೂ ಕರೆಯಲಿಲ್ಲ. ನಿನ್ನ ಬಗ್ಗೆ ಏನೂ ಹೇಳಲಿಲ್ಲ. ಅದೆಲ್ಲ ನಾನು ಮಳವಳ್ಳಿಯಲ್ಲಿ ಕೂತು ಬರೆದದ್ದು. ನಿನಗೆ ಧೈರ್ಯ ಬರಲಿ ಅಂತ ಬರೆದೆ ಅಂದುಕೊಂಡಿದ್ದೆ. ಬೀದಿಯಲ್ಲಿ ನನ್ನ ಮಾತು ಉಳಿಯಲಿ ಅಂತ ಬರೆದೆನೋ ಏನೋ. ಪೆರೇಡಿನ ದಿನವೂ ಅಷ್ಟೇ. ವಿಮಾನ ಹೋದ ಮೇಲೆ ಟೀವಿ ಆರಿಸಿ, "ಏಣಿ ಎಲ್ ಮಡ್ಗಿದ್ದೀಯೆ?" ಅಂತ ಅಕ್ಕನನ್ನು ಕೇಳಿದರು. ಏಣಿ ಇರಲಿಲ್ಲ. ಹಿಂದಿನ ರಾತ್ರಿ ಟೀವಿ ಇಳಿಸಿದ ಮೇಲೆ, ಬೆಳಕು ಹರಿಯುವ ಮುಂಚೆಯೇ ನಾನು ಏಣಿಯನ್ನು ಹೊನ್ನಯ್ಯನ ಹಿತ್ತಲಿಗೆ ಸಾಗಿಸಿದ್ದೆ. ಅದಕ್ಕೇ ಟೀವಿ ಕೆಳಗಿದೆ, ಬೇರೆ ಯಾವ ಕಾರಣಕ್ಕೂ ಅಲ್ಲ. ಭಾವ ಅದರ ಮೇಲೆ ಸೀರೆ ಹೊದಿಸಿ ಇಟ್ಟಿದ್ದಾರೆ.

ಅಪ್ಪ ನೋಡುವುದಾದರೆ ಇಳಿಯುತ್ತೇನೆ ಅಂತ ಬರೆದಿದ್ದೀಯ. ಅಪ್ಪ ನೋಡುವುದಿಲ್ಲ ಸೌಮ್ಯಾ. ಗೇಟು ಕಾಯುವ ಕೆಲಸವಾದರೆ ಗೇಟೇ ಕಾಯಿ. ಇಳಿಯಬೇಡ.

ಮಹದೇವು


ವೈದ್ಯನಾಥಪುರ
8 ಫೆಬ್ರವರಿ 2026, ಸಂಜೆ

ಸೌಮ್ಯಾ,

ನೀನು ಇದನ್ನು ಯಾವ ಆಸ್ಪತ್ರೆಯಲ್ಲಿ ಓದುತ್ತೀಯೋ ಗೊತ್ತಿಲ್ಲ. ಯಾರಾದರೂ ಓದಿ ಹೇಳಬೇಕಾದರೆ ಅಲ್ಲಿ ಕನ್ನಡ ಬರುವವರು ಯಾರಿದ್ದಾರೆ? ಮಧ್ಯಾಹ್ನದಿಂದ ನಿಮ್ಮ ಕ್ಯಾಂಪಿನ ನಂಬರಿಗೆ ಫೋನು ಮಾಡುತ್ತಲೇ ಇದ್ದೇವೆ, ಸೇರುತ್ತಿಲ್ಲ. ಬೆಟ್ಟದ ಮೇಲೆ ಮಂಜು ಸುರಿದು ಟವರು ಕೆಟ್ಟಿದೆ ಅಂತ ನಾಸಿರ್ ಯಾರಿಂದಲೋ ತಿಳಿದುಕೊಂಡು ಬಂದ. ಕೈ ಸುಮ್ಮನಿರಲಾರದೆ ಬರೆಯುತ್ತಿದ್ದೇನೆ.

ಹತ್ತೂವರೆಗೇ ಮನೆ ತುಂಬಿತ್ತು. ಅಕ್ಕ ಎಲ್ಲರಿಗೂ ಚಾಪೆ ಹಾಸಿ ಕೂರಿಸಿದ್ದಳು. ಭಾವ ಒಳಗೆ ಬರಲಿಲ್ಲ. ಜಗಲಿಯ ಮೇಲೆ ನಮಗೆ ಬೆನ್ನು ಮಾಡಿಕೊಂಡು ಕುಡುಗೋಲು ಮಸೆಯುತ್ತಿದ್ದರು. ನನ್ನ ಕಾಗದ ನಿನಗೆ ಸಿಕ್ಕಿರಲಿ, ನೀನು ಈ ಟೀವಿಯಲ್ಲಿ ಬರದೇ ಇರಲಿ ಅಂತ ನಾನೊಬ್ಬನೇ ಆ ಮನೆಯಲ್ಲಿ ಬೇಡಿಕೊಳ್ಳುತ್ತಿದ್ದೆ.

ಕೆಂಪು ಬಟ್ಟೆಯವರು ಒಬ್ಬೊಬ್ಬರೇ ಇಳಿಯತೊಡಗಿದರು. ಮಾತೆಲ್ಲ ಹಿಂದಿ. ಹೆಸರು ಇಂಗ್ಲಿಷಿನಲ್ಲಿ ಕೆಳಗೆ ಬರುತ್ತಿತ್ತಂತೆ, ಆದರೆ ನಿಮ್ಮ ಟೀವಿಯ ಪರದೆ ಕೆಳಗೆ ನಾಲ್ಕು ಬೆರಳಗಲ ಎಂದೋ ಕಪ್ಪಾಗಿದೆ.

"ಎಲ್ಲಾ ಒಂದೇ ಥರ ಅವ್ರಲ್ಲೋ, ಮೆಣ್ಸಿನ್‌ಕಾಯಿ ಉದುರ್ದಂಗೆ. ನಿಮ್ಮವ್ಳು ಯಾವ್ಳಪ್ಪಾ ಕೋಚು?" ಅಂತ ಹೊನ್ನಯ್ಯ ಕೆಣಕಿದ. ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕನೂ ತಿರುಗಿದಳು.

ಆಗ ಒಬ್ಬಳು ಇಳಿದಳು. ಮಂಡಿ ಬಗ್ಗಿಸಿ, ಸೊಂಟ ಸಡಿಲ ಬಿಟ್ಟು, ನೋಟ ದೂರಕ್ಕಿಟ್ಟು. ಹಲಗೆಯ ಮೇಲೆ ನೀನು ನಿಲ್ಲುತ್ತಿದ್ದ ಹಾಗೆಯೇ. ನನ್ನ ಬಾಯಿ ನಿನಗೆ ಗೊತ್ತಲ್ಲ.

"ಅವ್ಳೇ" ಅಂದುಬಿಟ್ಟೆ.

ಹೊರಗೆ ಕುಡುಗೋಲಿನ ಸದ್ದು ನಿಂತಿತು. ತಿರುಗಿ ನೋಡಿದರೆ ಭಾವ ಬಾಗಿಲಲ್ಲಿ ನಿಂತಿದ್ದಾರೆ, ಕೈಯಲ್ಲಿ ಕುಡುಗೋಲು ಹಾಗೇ ಇದೆ. ನಾನು ಆಮೇಲೆ ಟೀವಿಯನ್ನೂ ನೋಡಿದೆ, ಅವರನ್ನೂ ನೋಡಿದೆ. ಅವರು ರೆಪ್ಪೆ ಹೊಡೆಯಲಿಲ್ಲ. ನೀನು ಎಡಕ್ಕೆ ಬಾಗಿದಾಗ ಅವರ ಹೆಗಲು ಎಡಕ್ಕೆ ಬಾಗಿತು. ನೀನು ಅರ್ಧ ಬೆಟ್ಟ ಇಳಿದಿದ್ದೆ. ಒಂದು ತಿರುವಿನಲ್ಲಿ ಕಾಲಿಗೆ ಸಿಕ್ಕಿಸಿದ ಜಾರುವ ಹಲಗೆ ಕಳಚಿ ಹಾರಿತು. ಕಂಬಕ್ಕೆ ಬಡಿದು, ಉರುಳಿ, ಮತ್ತೆ ಉರುಳಿ ಬಿದ್ದೆ. ಕಾಲು ಮಡಚಬಾರದ ಕಡೆಗೆ ಮಡಚಿತ್ತು. ಏಳಲಿಲ್ಲ. ನೀಲಿ ಜಾಕೆಟ್ಟಿನ, ಉಣ್ಣೆ ಟೋಪಿಯ ಒಬ್ಬಳು ಮೇಲಿನ ಕಂಬದ ಹತ್ತಿರದಿಂದ ನೆಲಕ್ಕೆ ಕುಂಡಿ ಊರಿಕೊಂಡೇ ಜಾರುತ್ತ ಬಂದು ಎಲ್ಲರಿಗಿಂತ ಮುಂಚೆ ನಿನ್ನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಹೊನ್ನಯ್ಯ ಅವಳನ್ನು ನೋಡಿ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಅಷ್ಟರಲ್ಲಿ ಸೋಪಿನ ಜಾಹೀರಾತು ಬಂತು. ಅದು ಮುಗಿದ ಮೇಲೆ ಬೇರೆ ಯಾವುದೋ ಆಟ ತೋರಿಸಿದರು.

ಅಕ್ಕ ಕೂಗಿಕೊಂಡ ಸದ್ದು ಇನ್ನೂ ಕಿವಿಯಲ್ಲಿದೆ. ನಾನು ಏನಾದರೂ ಹೇಳಬೇಕೆಂದು, ಮಂಡಿ ಮೊದಲೇ ಹರಿದಿತ್ತು, ಬೇಡ ಅಂತ ಬರೆದಿದ್ದೆ ಅಂತೆಲ್ಲ ಬಡಬಡಿಸಿದೆ. ಭಾವ ನನ್ನ ಹತ್ತಿರ ಬಂದರು.

"ಮೊದ್ಲೇ ಅಂದ್ರೆ ಯಾವಾಗ್ಲಾ?"

"ಸಂಕ್ರಾಂತಿಗೂ ಮುಂಚೆ."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಭಾವ."

ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಕುಡುಗೋಲನ್ನು ಸೂರಿಗೆ ಸಿಕ್ಕಿಸಿ ಒಳಗೆ ಹೋಗಿ ಚೀಲ ತೆಗೆದರು. ಅಕ್ಕ ಅಳುತ್ತಲೇ ರಾಗಿ ಹುರಿಹಿಟ್ಟಿಗೆ ಬೆಲ್ಲ ಬೆರೆಸಿ ಡಬ್ಬಿಗೆ ತುಂಬಿದಳು. ನಾಸಿರ್ ಮದ್ದೂರಿನ ಮನೆಗೆ ಹೋಗಿ ತನ್ನ ದಪ್ಪ ಜಾಕೆಟ್ಟು ತಂದುಕೊಟ್ಟ. ಬರಲಾಗದ್ದಕ್ಕೆ ಅವನಿಗೆ ನಾಚಿಕೆ, ಆ ಮಂಡಿಯಲ್ಲಿ ಮೂರು ದಿನದ ರೈಲು ಅವನಿಂದಾಗುವುದಿಲ್ಲ. ಅದಕ್ಕೆ ಬದಲು "ಮೇರಿ ಬೇಟಿ ಕಹಾಂ ಹೈ" ಅಂತ ಭಾವನ ಬಾಯಲ್ಲಿ ಹತ್ತು ಸಲ ಹೇಳಿಸಿದ. ಮಗಳು ಎಲ್ಲಿ ಅಂತ. ಅವರು ಮಗಳು ಅನ್ನುವುದನ್ನು ನಾನು ಕೇಳಿದ್ದು ಹೀಗೆ, ಬಾರದ ಭಾಷೆಯಲ್ಲಿ.

"ನಾನೂ ಬತ್ತೀನಿ ಭಾವ" ಅಂದೆ.

"ನೀನ್ ಬ್ಯಾಡ. ದಾರಿ ಉದ್ದಕ್ಕೂ ಮಾತಾಡ್ತೀಯ" ಅಂದರು.

ಸಂಜೆಯ ರೈಲಿಗೆ ಮದ್ದೂರಿನಿಂದ ಹೊರಟರು. ಬೆಂಗಳೂರು, ದೆಹಲಿ, ಅಲ್ಲಿಂದ ಮುಂದೆ. ಅವರ ಹತ್ತಿರ ಫೋನಿಲ್ಲ, ಎಂದೂ ಇಟ್ಟುಕೊಂಡವರಲ್ಲ.

ಅವರು ಹೋದ ಮೇಲೆ ಅಕ್ಕ ಒಂದು ಮಾತು ಹೇಳಿದಳು. ಪೆರೇಡಿನ ದಿನ ಸಂಜೆಯೇ ಭಾವ ಹೊನ್ನಯ್ಯನ ಹಿತ್ತಲಲ್ಲಿ ನಿಮ್ಮ ಏಣಿಯನ್ನು ನೋಡಿದ್ದರಂತೆ. ನೋಡಿ, ಸುಮ್ಮನೆ ಬಂದು ಕಾಲು ತೊಳೆದುಕೊಂಡರಂತೆ. "ಏಣಿ ಸಿಕ್ತಾ?" ಅಂತ ಇವಳು ಕೇಳಿದ್ದಕ್ಕೆ "ಇಲ್ಲ ಕಣೆ" ಅಂದರಂತೆ.

ಮಹದೇವು


ಗುಲ್ಮಾರ್ಗ್
9 ಫೆಬ್ರವರಿ 2026

ಮಾವ,

ಫೋನು ಇಲ್ಲ, ಕರೆಂಟು ಇಲ್ಲ, ಹೊರಗೆ ಮಂಜು ಸುರಿಯುತ್ತಲೇ ಇದೆ. ನಿಮಗೆ ಬೇಸರ ಮಾಡುವ ಪತ್ರ ಇದು.

ನಾನು ಇಳಿಯಲಿಲ್ಲ. ಶನಿವಾರ ಸಂಜೆ, ನಂಬರು ಹಂಚುವ ಮುಂಚೆ ಸ್ಕ್ಯಾನಿನ ಕಾಗದ ಕೋಚಿಗೆ ಕೊಟ್ಟೆ. ಅವರು ಬಯ್ಯಲಿಲ್ಲ. "ಇಷ್ಟು ದಿನ ನನ್ನನ್ನು ಮೂರ್ಖನನ್ನಾಗಿ ಮಾಡಿದೆ" ಅಂದರು, ಅಷ್ಟೇ. ನನ್ನ ಹೆಸರು ತಂಡದಿಂದ ಹೋಯಿತು. ತಿಂಗಳ ಕೊನೆಗೆ ಠಾಣೆಗೆ ಹೋಗಬೇಕು, ಗೇಟು ಕಾವಲಿಗೆ.

ಯಾಕೆ ಅಂತ ನಿಮಗೆ ಹೇಳಲೇಬೇಕು. ಅಪ್ಪ ನಿಮ್ಮ ಕೈ ಹಿಡಿದು ಹೇಳಿದರು ಅಂತ ಬರೆದಿದ್ದಿರಲ್ಲ, ಆ ಮಾತನ್ನು ದಿನಾ ತೆಗೆದು ಓದುತ್ತಿದ್ದೆ. ಓದಿದಷ್ಟೂ ಅದು ಅಪ್ಪನದು ಅನ್ನಿಸುತ್ತಿರಲಿಲ್ಲ. ಅಪ್ಪ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಅಪ್ಪ ಯಾರ ಕೈಯನ್ನೂ ಹಿಡಿದವರಲ್ಲ. ಅಮ್ಮ ಎಲ್ಲಿದ್ದಳು ಅಂತ ಕೇಳಿದ ಮೇಲೆ ಶನಿವಾರದವರೆಗೂ ನಿಮ್ಮಿಂದ ಯಾವ ಪತ್ರವೂ ಬರಲಿಲ್ಲ. ಆಗ ಖಾತ್ರಿಯಾಯಿತು. ಕೋಪ ಬರಲಿಲ್ಲ ಮಾವ. ನನಗೋಸ್ಕರ ಬರೆದಿರಿ. ಆದರೆ ಅಪ್ಪ ನೋಡುತ್ತಿಲ್ಲ ಅಂದಮೇಲೆ ಈ ಕಾಲು ಇಟ್ಟುಕೊಂಡು ಯಾರಿಗೆ ತೋರಿಸಲು ಇಳಿಯಲಿ? ಟೀವಿ ಅಟ್ಟದ ಮೇಲಿದೆ, ಬೀದಿಯವರು ನಿಮ್ಮನ್ನು ಎರಡು ದಿನ ಆಡಿಕೊಂಡು ಮರೆಯುತ್ತಾರೆ ಅಂತ ಲೆಕ್ಕ ಹಾಕಿದೆ.

ನನ್ನ ಜಾಗದಲ್ಲಿ ಶಾಲಿನಿ ಇಳಿದಳು. ನನ್ನದೇ ಕೆಂಪು ಬಟ್ಟೆ ಹಾಕಿಕೊಂಡು. ನನಗೆ ಒಂದು ನೀಲಿ ಜಾಕೆಟ್ಟು ಕೊಟ್ಟು, ನಡುಬೆಟ್ಟದ ಕಂಬದ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿ, ಯಾರಾದರೂ ಕಂಬ ತಪ್ಪಿಸಿದರೆ ಬರೆದುಕೋ ಅಂತ ಕೂರಿಸಿದ್ದರು. ಅವಳು ನನಗಿಂತ ಸ್ವಲ್ಪ ಕೆಳಗೆ, ನನ್ನ ಕಣ್ಣೆದುರೇ ಬಿದ್ದಳು. ಓಡಲಾಗಲಿಲ್ಲ. ಕೂತೇ ಜಾರಿಕೊಂಡು ಹೋದೆ. ತೊಡೆಯ ಮೇಲೆ ತಲೆ ಇಟ್ಟುಕೊಂಡೆ. ಅವಳು ತನ್ನ ಅಮ್ಮನನ್ನು ಕರೆಯುತ್ತಿದ್ದಳು. ಕಾಲಿನ ಮೂಳೆ ಎರಡು ಕಡೆ ಮುರಿದಿದೆ. ಈಗ ಶ್ರೀನಗರದ ಆಸ್ಪತ್ರೆಯಲ್ಲಿದ್ದಾಳೆ.

ಮುರಿಯಬೇಕಾದದ್ದು ನನ್ನ ಕಾಲು ಅನ್ನಿಸುತ್ತಿದೆ. ಹೀಗೆ ಅಂದುಕೊಳ್ಳಬಾರದು ಅಂತ ಗೊತ್ತು. ಆದರೂ ಅನ್ನಿಸುತ್ತಿದೆ.

ಸೌಮ್ಯ


ಮಳವಳ್ಳಿ
11 ಫೆಬ್ರವರಿ 2026

ಸೌಮ್ಯಾ,

ನಿನ್ನೆ ನಿನ್ನ ಫೋನು ಬಂದಾಗ ನಾನು ಮೊದಲ ಸಲ ಮಾತು ಮುಗಿಯುವ ತನಕ ಸುಮ್ಮನಿದ್ದೆ. ಸುಮ್ಮನಿದ್ದೆ ಅನ್ನುವುದೂ ಸುಳ್ಳು. ಮಾತು ಬರಲಿಲ್ಲ. ನಿನ್ನ ದನಿ ಕೇಳಿದ ಮೇಲೆ ಅಕ್ಕ ಒಲೆ ಹಚ್ಚಿದಳು. ಎರಡು ದಿನದ ಮೇಲೆ ಹಚ್ಚಿದ್ದು.

ಈಗ ನಮ್ಮೆಲ್ಲರ ಚಿಂತೆ ಒಂದೇ. ನೀನು ಸರಿಯಿದ್ದೀಯ ಅಂತ ಇಡೀ ಬೀದಿಗೆ ಗೊತ್ತು, ನಿನ್ನಪ್ಪನಿಗೆ ಮಾತ್ರ ಗೊತ್ತಿಲ್ಲ. ದೆಹಲಿಯಿಂದ ಆಚೆ ಯಾವುದೋ ರೈಲಿನಲ್ಲಿ ಮಗಳ ಕಾಲು ಮುರಿದಿದೆ ಅಂದುಕೊಂಡು ಕೂತಿದ್ದಾರೆ. ನಾಸಿರ್ ರೈಲ್ವೆಯವರಿಗೆಲ್ಲ ಫೋನು ಮಾಡಿ ಉರ್ದುವಿನಲ್ಲಿ ಗೋಗರೆದ. ಜನರಲ್ ಬೋಗಿಯಲ್ಲಿ ಕೂತ ಒಬ್ಬ ಮುದುಕನನ್ನು ಯಾರು ಹುಡುಕುತ್ತಾರೆ? ಊಟ ಕೇಳಲೂ ಬಾಯಿ ಬರುವುದಿಲ್ಲ ಅವರಿಗೆ. ಬರುವುದು ಒಂದೇ ವಾಕ್ಯ.

ಬಂದರೆ, ನಡೆದುಕೊಂಡು ಎದುರಿಗೆ ಹೋಗು. ಎರಡೂ ಕಾಲು ಕಾಣುವ ಹಾಗೆ ಹೋಗು.

ಮಹದೇವು


ಶ್ರೀನಗರ
14 ಫೆಬ್ರವರಿ 2026

ಮಾವ,

ಅಪ್ಪ ಬಂದರು. ಮೊನ್ನೆ ಮಧ್ಯಾಹ್ನ. ಕ್ಯಾಂಪಿನ ಗೇಟಿನಲ್ಲಿ ನಾಸಿರಣ್ಣನ ಜಾಕೆಟ್ಟು, ಕೆಳಗೆ ಪಂಚೆ, ಕಾಲಿಗೆ ರಬ್ಬರ್ ಚಪ್ಪಲಿ, ಅದರೊಳಗೆ ಯಾರೋ ಕೊಟ್ಟ ಕಾಲುಚೀಲ. ಕಾವಲಿನವರಿಗೆ ಒಂದೇ ಮಾತನ್ನು ಹೇಳುತ್ತಿದ್ದರಂತೆ, ಅವರು ಏನು ತಿರುಗಿ ಕೇಳಿದರೂ ಅದನ್ನೇ ಹೇಳುತ್ತಿದ್ದರಂತೆ. ನನ್ನನ್ನು ಕರೆಸಿದರು.

ನಾನು ನಡೆದುಕೊಂಡೇ ಹೋದೆ. ಅಪ್ಪ ಮುಖ ನೋಡಲಿಲ್ಲ, ಕಾಲು ನೋಡಿದರು. ಮೊದಲು ಬಲಗಾಲು, ಆಮೇಲೆ ಎಡಗಾಲು.

"ನೀನು ಬಿದ್ದಿಲ್ವಾ?"

"ನಾನು ಇಳೀಲೇ ಇಲ್ಲ ಅಪ್ಪ. ಬಿದ್ದೋಳು ಬೇರೆ ಹುಡುಗಿ."

"ಮಹದೇವು ನೀನೇ ಅಂದ."

"ಮಾವ ಅಂಗೇ ಅಲ್ವಾ" ಅಂದೆ.

ಅಪ್ಪ ಅಲ್ಲೇ ಕಾವಲಿನವರ ಬೆಂಚಿನ ಮೇಲೆ ಕೂತರು. ನಾನು ಪಕ್ಕದಲ್ಲಿ ಕೂತೆ. ಮೂರು ವರ್ಷದ್ದು ಏನೂ ಮಾತಾಡಲಿಲ್ಲ, ಅವರೂ ಆಡಲಿಲ್ಲ. ತಂಡದಿಂದ ಹೆಸರು ಹೋಯಿತು, ಇನ್ನು ಗೇಟು ಕಾಯಬೇಕು ಅಂತ ಹೇಳಿದೆ. "ಕಾಯೋದು ಕೆಲ್ಸ ಅಲ್ವಾ? ಮೂವತ್ ವರ್ಸ ಫಾರಮ್ನಾಗೆ ಅಕ್ಕಿಯಿಂದ ಬತ್ತ ಕಾದಿವ್ನಿ ನಾನು" ಅಂದರು. ಹಕ್ಕಿ ಓಡಿಸುವುದನ್ನು ಅಷ್ಟು ದೊಡ್ಡದಾಗಿ ಅವರು ಹೇಳಿದ್ದು ಇದೇ ಮೊದಲು.

ಆಮೇಲೆ ಎದ್ದು ನಿಂತು, "ಆ ಉಡ್ಗಿ ಎಲ್ಲವ್ಳೆ?" ಅಂದರು.

ಶ್ರೀನಗರ ದೂರ, ದಾರಿಯಲ್ಲಿ ಮಂಜು, ನಿಮಗೆ ಅವಳು ಗೊತ್ತಿಲ್ಲ, ಮೊದಲು ಊಟ ಮಾಡಿ ಅಂದೆ.

"ಮೂರ್ ದಿನದಿಂದ ಅವ್ಳ ಕಾಲೇ ಕಣ್ಮುಂದೆ ಅದೆ ಕಣವ್ವ. ನೋಡ್ದಂಗೆ ಎಂಗೆ ತಿರುಗ್ಲಿ?"

ಕೋಚು ಇವತ್ತು ಜೀಪು ಕೊಟ್ಟರು. ಶಾಲಿನಿಯ ಮನೆಯವರು ದಾರಿ ಮುಚ್ಚಿದೆ ಅಂತ ಇನ್ನೂ ಬಂದಿಲ್ಲ. ನಾನು ಬಾಗಿಲಲ್ಲೇ ನಿಂತೆ, ನನಗೆ ಅವಳ ಮುಖ ನೋಡಲಾಗುತ್ತಿರಲಿಲ್ಲ. ಅಪ್ಪ ನೆಟ್ಟಗೆ ಒಳಗೆ ಹೋಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಡಬ್ಬಿ ತೆರೆದು, ಹುರಿಹಿಟ್ಟನ್ನು ಹಾಲಿನಲ್ಲಿ ಕಲೆಸಿ ಉಂಡೆ ಮಾಡಿ ಅವಳ ಕೈಗೆ ಕೊಟ್ಟರು. ದಾರಿಯಲ್ಲಿ ತಾವು ಅದನ್ನು ಮುಟ್ಟಿಯೇ ಇಲ್ಲ, ಡಬ್ಬಿ ತುಂಬ ಹಾಗೇ ಇತ್ತು. ಅವಳು ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು, ತಿಂದಳು. ತಿನ್ನುತ್ತ ನನ್ನನ್ನು ಹತ್ತಿರ ಕರೆದು ಹಿಂದಿಯಲ್ಲಿ ಏನೋ ಕೇಳಿದಳು.

"ಏನಂತೆ?" ಅಂದರು ಅಪ್ಪ.

"ನೀವು ಯಾರು ಅಂತ ಕೇಳ್ತಾವ್ಳೆ."

ಅಪ್ಪ ಇನ್ನೊಂದು ಉಂಡೆ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

"ನೀನು ಬಿದ್ದಾಗ ಟೀವೀಲಿ ನೋಡ್ತಿದ್ದೋನು ಅಂತ ಯೋಳು."

ಸೌಮ್ಯ